ಮುಖ ಮುಚ್ಚಿದರೂ ರಾಜನೇ

ಯುರೋಪಿನ ಹಳೆಯ ರಾಜರ ಕೆತ್ತನೆ ಚಿತ್ರ, ಅಂದರೆ ತಾಮ್ರದ ಪ್ಲೇಟಿನಲ್ಲಿ ಕೆತ್ತಿ ಕಾಗದಕ್ಕೆ ಅಚ್ಚೊತ್ತಿದ ಚಿತ್ರ, ಕಣ್ಣಿಗೆ ಬಿದ್ದಾಗಲೆಲ್ಲ ನನಗೊಂದು ಚಟ. ಹೆಬ್ಬೆರಳಿನಿಂದ ಮುಖ ಮುಚ್ಚಿ ನೋಡುತ್ತೇನೆ. ಪುಸ್ತಕವಾದರೆ ಹಾಳೆಯ ಮೇಲೆ, ಕಂಪ್ಯೂಟರ್ ಆದರೆ ಸ್ಕ್ರೀನಿನ ಮೇಲೆ. ಮುಖ ಹೋದ ಮೇಲೂ ಅಲ್ಲಿರುವುದು ರಾಜನೇ ಅಂತ ಗೊತ್ತಾಗುತ್ತದಾ? ಬಹುಪಾಲು ಸಲ ಗೊತ್ತಾಗುತ್ತದೆ. ಕೈಯಲ್ಲಿ ರಾಜದಂಡ, ಪಕ್ಕದ ಮೇಜಿನ ಮೇಲೆ ಕಿರೀಟ, ಹೆಗಲಿನಿಂದ ನೆಲದವರೆಗೆ ಇಳಿದ ತುಪ್ಪಳದ ನಿಲುವಂಗಿ, ಹಿಂದೆ ಒಂದು ದಪ್ಪ ಕಂಬ, ಅದರ ಪಕ್ಕ ಇಳಿಬಿಟ್ಟ ಭಾರದ ಪರದೆ, ದೂರದಲ್ಲೆಲ್ಲೋ ಹೊಗೆಯಾಡುವ ಯುದ್ಧ. ಇಷ್ಟಿದ್ದರೆ ಸಾಕು. ಆಮೇಲೆ ಉಲ್ಟಾ ಮಾಡುತ್ತೇನೆ. ಮುಖ ಬಿಟ್ಟು ಉಳಿದದ್ದೆಲ್ಲ ಮುಚ್ಚುತ್ತೇನೆ. ಆಗ ಉಳಿಯುವುದು ಉದ್ದ ಮೂಗಿನ, ನಿದ್ದೆಗೆಟ್ಟ ಕಣ್ಣಿನ ಒಬ್ಬ ಗಂಡಸು. ಲೆಕ್ಕ ಬರೆಯುವವನೂ ಆಗಿರಬಹುದು, ಪಾದ್ರಿಯೂ ಆಗಿರಬಹುದು.

ಬಣ್ಣದ ಚಿತ್ರದಲ್ಲಿ ಈ ಆಟ ಅಷ್ಟು ನಡೆಯುವುದಿಲ್ಲ. ಅಲ್ಲಿ ಚರ್ಮದ ಬಣ್ಣವೇ ಕಣ್ಣು ಸೆಳೆಯುತ್ತದೆ. ಕೆತ್ತನೆಯಲ್ಲಿ ಎಲ್ಲವೂ ಕಪ್ಪು ಗೆರೆ. ಕೆನ್ನೆಗೂ ಗೆರೆ, ಕಿರೀಟಕ್ಕೂ ಗೆರೆ, ಕುದುರೆಯ ಬಾಲಕ್ಕೂ ಗೆರೆ. ಮುಖಕ್ಕೆ ವಿಶೇಷ ಮರ್ಯಾದೆ ಇಲ್ಲ. ಅದಕ್ಕೇ ಇರಬೇಕು, ಅಧಿಕಾರ ಅನ್ನುವುದು ಆ ಹಾಳೆಯಲ್ಲಿ ಎಲ್ಲಿ ಕೂತಿದೆ ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತದೆ. ಮನುಷ್ಯನಲ್ಲಾ, ಅವನ ಸಾಮಾನಿನಲ್ಲಾ?

ತಲೆಯಿಲ್ಲದ ಸವಾರ

ಈ ಪ್ರಶ್ನೆ ಕೇಳಿದವನು ನಾನೇ ಮೊದಲಲ್ಲ. 1650ರ ದಶಕದ ಲಂಡನ್ನಿನಲ್ಲಿ ಪಿಯರ್ ಲೊಂಬಾರ್ಟ್ ಎಂಬ ಫ್ರೆಂಚ್ ಕೆತ್ತನೆಗಾರ ತನಗೆ ಗೊತ್ತಿಲ್ಲದೆಯೇ ಇದಕ್ಕೊಂದು ಉತ್ತರ ಬಿಟ್ಟುಹೋಗಿದ್ದಾನೆ. ಅವನು ಕೆತ್ತಿದ್ದು ಕುದುರೆ ಏರಿದ ಒಬ್ಬ ದೊರೆಯನ್ನು. ಮೈತುಂಬ ಉಕ್ಕಿನ ಕವಚ, ಕೈಯಲ್ಲಿ ಸೇನಾಪತಿಯ ಕೋಲು, ಪಕ್ಕದಲ್ಲಿ ಒಬ್ಬ ಪರಿಚಾರಕ. ಈ ಭಂಗಿ ಅವನ ಸ್ವಂತದ್ದಲ್ಲ. ಚಿತ್ರಕಾರ ವ್ಯಾನ್ ಡೈಕ್ 1633ರಲ್ಲಿ ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ರಾಜನಿಗಾಗಿ ಬರೆದ ದೊಡ್ಡ ವರ್ಣಚಿತ್ರದಿಂದ ಎತ್ತಿದ್ದು. ಅದರಲ್ಲಿ ಚಾರ್ಲ್ಸ್ ಕಮಾನಿನ ಬಾಗಿಲಿನಿಂದ ಬಿಳಿ ಕುದುರೆಯ ಮೇಲೆ ನೇರ ನಮ್ಮತ್ತಲೇ ಬರುತ್ತಾನೆ. ಆದರೆ 1649ರ ಜನವರಿ 30ರಂದು ಚಾರ್ಲ್ಸನ ತಲೆ ಹೋಯಿತು. ನಿಜವಾಗಿಯೇ, ಕೊಡಲಿಯ ಏಟಿಗೆ. ಕೆಲವೇ ವರ್ಷಗಳಲ್ಲಿ ದೇಶ ಆಳುವವನು ಆಲಿವರ್ ಕ್ರಾಮ್‌ವೆಲ್ ಆದ. ಲೊಂಬಾರ್ಟನ ಪ್ಲೇಟಿನಲ್ಲಿ ಕುದುರೆಯ ಮೇಲೆ ಈಗ ಕ್ರಾಮ್‌ವೆಲ್ ಕೂತ. ಮುಂದೆ ಅದೇ ಪ್ಲೇಟಿನಿಂದ ಚಾರ್ಲ್ಸನ ತಲೆ ಇರುವ ಹಾಳೆಗಳೂ ಬಂದವು. ನಡುವಿನ ಒಂದು ಹಂತದಲ್ಲಿ ತೆಗೆದ ಪ್ರಿಂಟುಗಳಲ್ಲಿ ಮುಖ ಇರಬೇಕಾದ ಜಾಗ ಪೂರ್ತಿ ಖಾಲಿ. ಕವಚ ಇದೆ, ಕೋಲು ಇದೆ, ಕುದುರೆ ಇದೆ, ಕತ್ತಿನ ಮೇಲೆ ಬರೀ ಬಿಳಿ ಕಾಗದ. ಸಂಗ್ರಾಹಕರು ಇದನ್ನು ಕರೆಯುವುದೇ ತಲೆಯಿಲ್ಲದ ಸವಾರ ಅಂತ.

ತಾಮ್ರದಲ್ಲಿ ತಲೆ ಬದಲಾಯಿಸುವುದು ಕಷ್ಟವೇನಲ್ಲ. ಹಳೆಯ ಗೆರೆಗಳನ್ನು ಚೂಪು ಅಲಗಿನಿಂದ ಹೆರೆಯುತ್ತಾರೆ, ನಯವಾದ ಉಕ್ಕಿನಿಂದ ತಿಕ್ಕಿ ಮಟ್ಟ ಮಾಡುತ್ತಾರೆ. ಹೆರೆದ ಜಾಗ ತಗ್ಗಾದರೆ ಹಿಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಮೇಲೆತ್ತುತ್ತಾರೆ. ಅಲ್ಲಿಗೆ ಜಾಗ ಖಾಲಿ, ಯಾರನ್ನು ಬೇಕಾದರೂ ಕೂರಿಸಬಹುದು. ಇದರ ಹಿಂದೆ ವ್ಯಾಪಾರದ ಲೆಕ್ಕವೂ ಇತ್ತು. ಇಷ್ಟು ದೊಡ್ಡ ಪ್ಲೇಟಿಗೆ ತಿಂಗಳುಗಟ್ಟಲೆ ಕೆಲಸ ಹಿಡಿಯುತ್ತದೆ. ರಾಜ ಸತ್ತ ಅಂತ ಕುದುರೆಯನ್ನೂ ಎಸೆಯುವುದಕ್ಕಾಗುತ್ತದಾ? ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ ಸಂಗತಿ. ರಾಜನ ತಲೆ ತೆಗೆಸಿದವನಿಗೂ, ತಲೆ ಕಳೆದುಕೊಂಡ ರಾಜನಿಗೂ ಒಂದೇ ಮೈ ಹೊಂದಿತು. ರಾಜನ ವಿರುದ್ಧ ಯುದ್ಧ ಮಾಡಿದವನನ್ನು ತೋರಿಸಲು ರಾಜನ ಕುದುರೆಯೇ ಬೇಕಾಯಿತು. ಕ್ರಾಮ್‌ವೆಲ್ ಕಿರೀಟವನ್ನು ಬೇಡ ಅಂದವನು, ಅದು 1657ರ ಮಾತು. ಈ ಕುದುರೆಯನ್ನು ಮಾತ್ರ ಯಾರೂ ಬೇಡ ಅನ್ನಲಿಲ್ಲ.

ತಾಮ್ರ, ಉಳಿ, ಒದ್ದೆ ಕಾಗದ

ಪ್ರಿಂಟ್‌ಮೇಕಿಂಗ್ ಕಲಿಸುವ ಗೆಳೆಯರೊಬ್ಬರು ಒಮ್ಮೆ ನನ್ನನ್ನು ತಮ್ಮ ಸ್ಟುಡಿಯೋದಲ್ಲಿ ಕೂರಿಸಿಕೊಂಡು ಈ ಕೆಲಸ ತೋರಿಸಿದರು. ಅಲ್ಲಿಯವರೆಗೆ ಕೆತ್ತನೆ ಅಂದರೆ ಪೆನ್ಸಿಲ್ ಹಿಡಿದ ಹಾಗೆ ಉಳಿ ಹಿಡಿದು ಬರೆಯುವುದು ಅಂದುಕೊಂಡಿದ್ದೆ. ಹಾಗಲ್ಲ. ಬ್ಯೂರಿನ್ ಎಂಬ ಈ ಉಳಿಗೆ ಅಣಬೆಯಂಥ ಮರದ ಹಿಡಿ. ಅದು ಅಂಗೈಗೆ ಒತ್ತಿಕೊಳ್ಳುತ್ತದೆ. ಮೊನೆಯನ್ನು ಮುಂದಕ್ಕೆ ತಳ್ಳಬೇಕು. ತಳ್ಳಿದಂತೆ ತಾಮ್ರದ ಸಣ್ಣ ಸುರುಳಿ ಮೇಲೇಳುತ್ತದೆ, ಕೂದಲೆಳೆಯಷ್ಟು ತೆಳ್ಳಗೆ, ಹೊಳೆಯುತ್ತ. ಗೆರೆ ಬಾಗಬೇಕಾದರೆ ಕೈ ಬಾಗುವುದಿಲ್ಲ. ಪ್ಲೇಟಿನ ಕೆಳಗೆ ಚರ್ಮದ ದಿಂಬು ಇರುತ್ತದೆ, ಎಡಗೈಯಿಂದ ಪ್ಲೇಟನ್ನೇ ತಿರುಗಿಸುತ್ತಾರೆ. ಹೆಚ್ಚು ಒತ್ತಿದರೆ ಗೆರೆ ಆಳವಾಗಿ ದಪ್ಪವಾಗುತ್ತದೆ, ಒತ್ತಡ ಬಿಟ್ಟಂತೆ ಸಣ್ಣಗಾಗಿ ಮಾಯವಾಗುತ್ತದೆ. ಒಂದೇ ಗೆರೆ ಕೆನ್ನೆಯ ನೆರಳಿನಲ್ಲಿ ಹುಟ್ಟಿ ಬೆಳಕಿನಲ್ಲಿ ಕಾಣೆಯಾಗುವುದು ಹೀಗೆ.

ಆಮೇಲೆ ಮಸಿ ಬಳಿದರು. ಬಳಿದಿದ್ದನ್ನೆಲ್ಲ ಒರಟು ಬಟ್ಟೆಯಲ್ಲಿ ಒರೆಸಿಬಿಟ್ಟರು. ಕೊನೆಗೆ ಬರಿ ಅಂಗೈಯಿಂದ. ಎಲ್ಲ ಹೋಯಿತಲ್ಲ ಅಂದೆ. "ಮೇಲಿನದು ಹೋಗ್ಬೇಕು, ಒಳಗಿನದು ಉಳೀಬೇಕು, ಅಷ್ಟೇ" ಅಂದರು. ಒದ್ದೆ ಕಾಗದ ಹಾಸಿ, ಕಂಬಳಿಯ ಪದರ ಹೊದಿಸಿ, ಉರುಳೆಗಳ ನಡುವೆ ತೂರಿಸಿದರು. ಗೀರುಗಳಲ್ಲಿದ್ದ ಮಸಿಯನ್ನು ಕಾಗದ ಹೀರಿಕೊಂಡು ಎದ್ದು ಬಂತು. ಮುಟ್ಟಿ ನೋಡಿದರೆ ಗೆರೆಗಳು ಬೆರಳಿಗೆ ತಾಗುತ್ತವೆ. ಪ್ಲೇಟಿನ ಅಂಚು ಕಾಗದದಲ್ಲಿ ಚೌಕಾಕಾರವಾಗಿ ಅಚ್ಚೊತ್ತಿರುತ್ತದೆ. ಹಳೆಯ ಪ್ರಿಂಟು ಅಸಲಿಯೋ ನಕಲಿಯೋ ನೋಡುವವರು ಮೊದಲು ಹುಡುಕುವ ಗುರುತುಗಳಲ್ಲಿ ಇದೂ ಒಂದು.

ಅವತ್ತು ಅವರು ಹೇಳಿದ ಒಂದು ಮಾತು ನನ್ನ ಪ್ರಶ್ನೆಗೆ ನೇರ ಬಂದು ಕೂತಿತು. "ಬಟ್ಟೆ ಕೆತ್ತೋದು ಅಂದ್ರೆ ನಮಗೆ ಹಬ್ಬ. ರೇಷ್ಮೆಗೊಂದು ಥರ ಗೆರೆ, ಕವಚಕ್ಕೊಂದು ಥರ, ತುಪ್ಪಳಕ್ಕೊಂದು ಥರ. ಮುಖಕ್ಕೆ ಬಂದಾಗ ಕೈ ನಡುಗತ್ತೆ. ಅಲ್ಲಿ ಜಾಸ್ತಿ ಕೆತ್ತಿದ್ರೆ ಕೆಡತ್ತೆ." ಹಳೆಯ ದೊಡ್ಡ ಕಾರ್ಖಾನೆಗಳಲ್ಲಿ ಬಟ್ಟೆಬರೆ, ಚೌಕಟ್ಟು, ಹಿನ್ನೆಲೆಯನ್ನು ಸಹಾಯಕರಿಗೆ ಬಿಟ್ಟು ಗುರು ಮುಖವನ್ನಷ್ಟೇ ಕೆತ್ತುವುದು ಸಾಮಾನ್ಯವಾಗಿತ್ತು. ಅಂದರೆ ಹಾಳೆಯ ಹತ್ತರಲ್ಲಿ ಒಂಬತ್ತು ಪಾಲು ಸಾಮಾನೇ. ರಾಜನ ಪಾಲಿಗೆ ಬಂದದ್ದು ಒಂದು ಅಂಗೈ ಅಗಲ.

ಇನ್ನೊಂದು ಮಜಾ ಇದೆ. ಅಚ್ಚಾದಾಗ ಎಲ್ಲವೂ ಕನ್ನಡಿಯಂತೆ ತಿರುಗುತ್ತದೆ. ಎಡ ಬಲ ಆಗುತ್ತದೆ. ಕೆತ್ತನೆಗಾರ ಮೂಲ ಚಿತ್ರವನ್ನು ಕನ್ನಡಿಯಲ್ಲಿ ನೋಡಿಕೊಂಡು ಉಲ್ಟಾ ಕೆತ್ತಿದರೆ ಸರಿ, ಇಲ್ಲದಿದ್ದರೆ ಪೇಚು. ಎಡ ಸೊಂಟದ ಕತ್ತಿ ಬಲಕ್ಕೆ ಹೋಗುತ್ತದೆ. ಎಡ ಎದೆಯ ಮೇಲಿನ ನಕ್ಷತ್ರದ ಬಿಲ್ಲೆ ಬಲ ಎದೆಗೆ ಹಾರುತ್ತದೆ. ದಂಡ ಎಡಗೈಗೆ ಬರುತ್ತದೆ. ಅವಸರದಲ್ಲಿ ಮಾಡಿದ ಅಗ್ಗದ ಪ್ರಿಂಟುಗಳಲ್ಲಿ ಎಡಚ ದೊರೆಗಳು ಬೇಕಾದಷ್ಟು ಸಿಗುತ್ತಾರೆ. ಮುಖ ತಿರುಗಿದ್ದು ಯಾರಿಗೂ ಕಾಣುವುದಿಲ್ಲ. ಕತ್ತಿ ತಿರುಗಿದರೆ ತಕ್ಷಣ ಕಾಣುತ್ತದೆ. ತಪ್ಪು ಕಂಡುಹಿಡಿಯುವುದಕ್ಕೂ ನಾವು ನೋಡುವುದು ಸಾಮಾನನ್ನೇ.

(ಸುಮ್ನೆ ಒಂದು ಮಾತು: ಇಂಥ ಹಾಳೆಗಳ ಕೆಳಗಿನ ಅಂಚು ನೋಡುವುದನ್ನು ಮರೆಯಬೇಡಿ. ರಾಜನ ಬಿರುದುಗಳು ದೊಡ್ಡ ಅಕ್ಷರದಲ್ಲಿ ಮೆರೆಯುತ್ತಿರುತ್ತವೆ. ಅದರ ಕೆಳಗೆ ಇರುವೆ ಸಾಲಿನಷ್ಟು ಸಣ್ಣಗೆ, ಎಡಕ್ಕೆ ಚಿತ್ರ ಬರೆದವನ ಹೆಸರು, ಬಲಕ್ಕೆ ಕೆತ್ತಿದವನ ಹೆಸರು. ಇಲ್ಲಿ ರಾಜನ ಜತೆ ಒಂದೇ ಹಾಳೆಯಲ್ಲಿ ಹೆಸರು ಹಾಕಿಸಿಕೊಳ್ಳುವ ಭಾಗ್ಯ ಕೈಕೆಲಸದವನಿಗೂ ಇತ್ತು.)

ಸಾಲ ತಂದ ಕಂಬಗಳು

ಇಂಗ್ಲೆಂಡಿನ ಒಂದನೇ ಎಲಿಜಬೆತ್ ರಾಣಿಯ ಒಂದು ಕೆತ್ತನೆ 1596ರದ್ದು. ಮಾಡಿದವನು ಕ್ರಿಸ್ಪಿನ್ ಡಿ ಪಾಸ್ ಎನ್ನುತ್ತಾರೆ. ರಾಣಿ ಎರಡು ಕಂಬಗಳ ನಡುವೆ ನಿಂತಿದ್ದಾಳೆ. ಒಂದು ಕೈಯಲ್ಲಿ ಗೋಳ, ಇನ್ನೊಂದರಲ್ಲಿ ದಂಡ. ಬುಟ್ಟಿ ಕವುಚಿದಂಥ ಅಗಲ ಲಂಗ. ಒಂದು ಕಂಬದ ಮೇಲೆ ಪೆಲಿಕನ್ ಹಕ್ಕಿ. ತನ್ನ ಎದೆ ತಾನೇ ಕುಕ್ಕಿ ರಕ್ತದಿಂದ ಮರಿಗಳನ್ನು ಸಾಕುತ್ತದೆ ಎಂದು ಆಗಿನವರು ನಂಬಿದ್ದ ಹಕ್ಕಿ ಅದು. ಪ್ರಜೆಗಳ ತಾಯಿ ಎಂದು ಹೇಳುವ ದಾರಿ. ಇನ್ನೊಂದರ ಮೇಲೆ ಫೀನಿಕ್ಸ್. ಜಗತ್ತಿಗೆ ಒಂದೇ, ಜೋಡಿ ಇಲ್ಲ, ಬೂದಿಯಿಂದ ತಾನೇ ಹುಟ್ಟುತ್ತದೆ. ಮದುವೆಯಾಗದ, ಮಕ್ಕಳಿಲ್ಲದ ರಾಣಿಗೆ ಇದಕ್ಕಿಂತ ಜಾಣ ಉತ್ತರ ಬೇಕಾ? ಹಿಂದೆ ಸಮುದ್ರದಲ್ಲಿ ಹಡಗುಗಳು.

ಹಕ್ಕಿಗಳಿಗಿಂತ ನನಗೆ ಇಷ್ಟವಾಗುವುದು ಕಂಬಗಳು. ಜೋಡಿ ಕಂಬ ಇಂಗ್ಲೆಂಡಿನದ್ದಲ್ಲ. ಅದು ಸ್ಪೇನ್ ಆಳಿದ ಐದನೇ ಚಾರ್ಲ್ಸ್ ಚಕ್ರವರ್ತಿಯ ಲಾಂಛನ. ಹಳಬರು ಪ್ರಪಂಚದ ಅಂಚು ಎಂದುಕೊಂಡಿದ್ದ ಜಿಬ್ರಾಲ್ಟರ್ ಜಲಸಂಧಿಯ ಹರ್ಕ್ಯುಲಿಸ್ ಕಂಬಗಳು, ಅದರ ಜತೆಗೆ ಇನ್ನೂ ಮುಂದಕ್ಕೆ ಎಂಬ ಲ್ಯಾಟಿನ್ ಘೋಷಣೆ. ಪ್ರಪಂಚದ ಅಂಚನ್ನೂ ದಾಟಿ ನಮ್ಮ ಆಳ್ವಿಕೆ ಇದೆ ಅಂತ ಸ್ಪೇನಿನವರ ಜಂಬ. ಆ ಚಾರ್ಲ್ಸನ ಮಗನೇ ಎರಡನೇ ಫಿಲಿಪ್. 1588ರಲ್ಲಿ ಎಲಿಜಬೆತ್ ಮೇಲೆ ಆರ್ಮಡಾ ಹಡಗುಪಡೆ ಕಳಿಸಿದವನು. ಅದು ಸೋತು ಚದುರಿ ಹೋಯಿತು. ಎಂಟು ವರ್ಷದ ನಂತರ ಅವನ ಅಪ್ಪನ ಕಂಬಗಳ ನಡುವೆ ಈಕೆ ಬಂದು ನಿಂತಿದ್ದಾಳೆ. ಹಡಗು ಮುಳುಗಿಸುವುದು ಒಂದು ಗೆಲುವು. ಮನೆತನದ ಗುರುತನ್ನೇ ಎತ್ತಿಕೊಂಡು ಹೋಗಿ ತನ್ನ ಬಾಗಿಲಿಗೆ ನಿಲ್ಲಿಸಿಕೊಳ್ಳುವುದು ಅದಕ್ಕಿಂತ ಕೆಣಕುವ ಕೆಲಸ.

ಮುಖ? ಆಗ ಆಕೆಗೆ 60 ದಾಟಿತ್ತು. ಅದೇ 1596ರಲ್ಲಿ ರಾಣಿಯ ಮಂತ್ರಿ ಮಂಡಲ ಒಂದು ಆದೇಶ ಹೊರಡಿಸಿತು. ಆಕೆಗೆ ಒಪ್ಪದ, ಅಂದಗೆಟ್ಟ ಭಾವಚಿತ್ರಗಳನ್ನು ಹುಡುಕಿ ನಾಶ ಮಾಡಬೇಕು ಅಂತ. ಅದಕ್ಕೂ ಬಹಳ ಹಿಂದೆ, 1563ರಲ್ಲೇ, ಒಪ್ಪಿಗೆ ಪಡೆದ ಒಂದು ಮಾದರಿ ಮುಖ ಸಿದ್ಧವಾಗುವವರೆಗೆ ಯಾರೂ ರಾಣಿಯ ಚಿತ್ರ ಬರೆಯಬಾರದು ಎಂಬ ಘೋಷಣೆಯ ಕರಡು ತಯಾರಾಗಿತ್ತು. ಹಾಗಾಗಿ ಕೊನೆಕೊನೆಯ ಚಿತ್ರಗಳಲ್ಲೂ ಆಕೆಯ ಮುಖ ವಯಸ್ಸೇ ಇಲ್ಲದ ಮೊಟ್ಟೆಯಂತೆ ನುಣ್ಣಗಿರುತ್ತದೆ. ಲೊಂಬಾರ್ಟ್ ಮುಖವನ್ನು ಹೆರೆದು ತೆಗೆದ. ಇಲ್ಲಿ ಮುಖವನ್ನೇ ಒಂದು ಸಾಮಾನು ಮಾಡಿಬಿಟ್ಟರು, ಗೋಳ ದಂಡಗಳ ಜತೆಗೆ ಇನ್ನೊಂದು.

ಇಂಥ ಗುರುತುಗಳು ಸಮುದ್ರ ದಾಟಿ ನಮ್ಮ ಕಡೆಗೂ ಬಂದವು. 1580ರಲ್ಲಿ ಜೆಸ್ವಿಟ್ ಪಾದ್ರಿಗಳು ಫತೇಪುರ್ ಸಿಕ್ರಿಗೆ ಬಂದು ಅಕ್ಬರನಿಗೆ ಆಂಟ್‌ವರ್ಪ್‌ನಲ್ಲಿ ಅಚ್ಚಾದ ಬಹುಭಾಷಾ ಬೈಬಲ್ ಕಾಣಿಕೆ ಕೊಟ್ಟರು. ಸ್ಪೇನಿನ ಅದೇ ಎರಡನೇ ಫಿಲಿಪ್‌ನ ಆಶ್ರಯದಲ್ಲಿ ತಂದದ್ದು. ಅದರ ಮೊದಲ ಪುಟಗಳಲ್ಲಿ ತಾಮ್ರದ ಕೆತ್ತನೆಗಳಿದ್ದವು. ಒಂದರಲ್ಲಿ ಸಿಂಹ, ಎತ್ತು, ತೋಳ, ಕುರಿ ಒಟ್ಟಿಗೆ ಶಾಂತವಾಗಿ ನಿಂತಿವೆ. ಮೊಘಲ್ ಕಲಾವಿದರು ಇಂಥ ಪ್ರಿಂಟುಗಳನ್ನು ಎದುರಿಗಿಟ್ಟುಕೊಂಡು ಗೆರೆಗೆ ಗೆರೆ ಬರೆದು ಅಭ್ಯಾಸ ಮಾಡಿದರು. ಜಹಾಂಗೀರನ ಕಾಲಕ್ಕೆ ಗೋಳ, ಪ್ರಭಾವಳಿ, ರೆಕ್ಕೆಯ ಪುಟ್ಟ ದೇವದೂತರು, ಸಿಂಹ ಮತ್ತು ಕುರಿ ಎಲ್ಲವೂ ದರ್ಬಾರಿನ ಚಿತ್ರಕ್ಕೆ ಇಳಿದವು. ಅಬುಲ್ ಹಸನ್ 1618ರ ಸುಮಾರಿಗೆ ಬರೆದ ಚಿತ್ರದಲ್ಲಿ ಜಹಾಂಗೀರ್ ಇರಾನಿನ ಶಾ ಅಬ್ಬಾಸನನ್ನು ತಬ್ಬಿಕೊಂಡಿದ್ದಾನೆ. ಇಬ್ಬರೂ ಒಂದು ಭೂಗೋಳದ ಮೇಲೆ ನಿಂತಿದ್ದಾರೆ. ಜಹಾಂಗೀರನ ಕಾಲಡಿ ಸಿಂಹ, ಅಬ್ಬಾಸನ ಕಾಲಡಿ ಕುರಿ. ಶಾಂತಿಯ ಚಿತ್ರ ಅಂತ ಖುಷಿಪಡುವ ಮುಂಚೆ ಸಿಂಹ ಎಲ್ಲಿ ಮಲಗಿದೆ ನೋಡಿ. ಅದು ಇರಾನಿನ ಮೇಲೆ ಮೈಚಾಚಿ ಕುರಿಯನ್ನು ಪಶ್ಚಿಮದ ಸಮುದ್ರದ ಕಡೆಗೆ ತಳ್ಳುತ್ತಿದೆ! ಅಬ್ಬಾಸ್ ತೆಳ್ಳಗೆ, ಬಾಗಿಕೊಂಡು, ಚಿಕ್ಕವನಾಗಿ ಕಾಣುತ್ತಾನೆ. ಇವರಿಬ್ಬರೂ ಜೀವಮಾನದಲ್ಲಿ ಒಮ್ಮೆಯೂ ಭೇಟಿಯಾದವರಲ್ಲ. ಬೈಬಲಿನ ಪುಟದಲ್ಲಿ ದೇವರ ಶಾಂತಿಗಾಗಿ ನಿಂತಿದ್ದ ಪ್ರಾಣಿಗಳು ಇಲ್ಲಿ ಗಡಿ ತಗಾದೆಗೆ ಕೆಲಸಕ್ಕೆ ಸೇರಿದ್ದವು.

ವಿಗ್ಗು, ಹಿಮ್ಮಡಿ, ಕತ್ತಿ

ಸಾಮಾನಿನ ಜಾತ್ರೆ ಅಂದರೆ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿಯದ್ದು. ಚಿತ್ರಕಾರ ರಿಗೋ 1701ರಲ್ಲಿ ಬರೆದ ಆ ಚಿತ್ರ ಎಲ್ಲರೂ ಎಲ್ಲೋ ಒಂದು ಕಡೆ ನೋಡಿಯೇ ಇರುತ್ತೀರಿ. ಅದನ್ನು ರಾಜನ ಕೊನೆಯ ವರ್ಷಗಳಲ್ಲಿ ಪಿಯರ್ ಡ್ರೆವೆ ತಾಮ್ರಕ್ಕೆ ಇಳಿಸಿದ. ಲಿಲ್ಲಿ ಹೂವಿನ ಕಸೂತಿಯ ನಿಲುವಂಗಿ, ಒಳಗೆ ಪೂರ್ತಿ ಅರ್ಮಿನ್ ತುಪ್ಪಳ. ಸೊಂಟದಲ್ಲಿ ಶಾರ್ಲಮೇನ್ ಚಕ್ರವರ್ತಿಯದ್ದು ಅಂತ ಹೇಳುವ ಕತ್ತಿ. ಪಕ್ಕದ ಪೀಠದ ಮೇಲೆ ಕಿರೀಟ ಮತ್ತು ನ್ಯಾಯದ ಕೈ ಎಂಬ ದಂಡ. ರಾಜದಂಡವನ್ನು ಮಾತ್ರ ತಲೆಕೆಳಗಾಗಿ ಊರುಗೋಲಿನ ಹಾಗೆ ಹಿಡಿದಿದ್ದಾನೆ. ಈ ಉಡಾಫೆಯೇ ಚಿತ್ರದ ನಿಜವಾದ ಜಂಬ. ಬೇರೆಯವರು ದಂಡವನ್ನು ಎರಡು ಕೈಯಲ್ಲಿ ಹಿಡಿಯುವ ಕಡೆ ಇವನು ಅದಕ್ಕೆ ಒರಗಿ ನಿಲ್ಲುತ್ತಾನೆ. ಇಷ್ಟೆಲ್ಲದರ ಕೆಳಗೆ ಬಿಳಿ ಸ್ಟಾಕಿಂಗ್ಸಿನ ಎರಡು ಕಾಲು, ಎತ್ತರ ಹಿಮ್ಮಡಿಯ ಬೂಟು. ಯುವಕನಾಗಿದ್ದಾಗ ಬ್ಯಾಲೆ ಕುಣಿದ ಕಾಲುಗಳು. 1653ರಲ್ಲಿ ಸೂರ್ಯನ ವೇಷ ಹಾಕಿ ಕುಣಿದವನು. ಅರವತ್ತು ದಾಟಿದ ಮುಖ, ಇಪ್ಪತ್ತರ ಕಾಲು. ಮುಖದಲ್ಲಿ ಹಲ್ಲುದುರಿ ಕೆನ್ನೆ ಕುಸಿದದ್ದು ಕಾಣುತ್ತದೆ, ರಿಗೋ ಅದನ್ನು ಮುಚ್ಚಲಿಲ್ಲ. ಮುಚ್ಚುವ ಅಗತ್ಯವೇ ಬೀಳಲಿಲ್ಲವೇನೋ.

ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆ 1840ರಲ್ಲಿ ಇದನ್ನು ಹಿಡಿದುಕೊಂಡು ಒಂದು ವ್ಯಂಗ್ಯಚಿತ್ರ ಬರೆದ. ಮೂರು ಆಕೃತಿ. ಮೊದಲನೆಯದು ಮನುಷ್ಯನೇ ಇಲ್ಲದ ವಿಗ್ಗು, ನಿಲುವಂಗಿ, ಬೂಟು, ತಾವೇ ನಿಂತಿವೆ. ಎರಡನೆಯದು ಬೋಳು ತಲೆಯ, ಹೊಟ್ಟೆ ಬಂದ, ಸಣಕಲು ಕಾಲಿನ ಮುದುಕ. ಮೂರನೆಯದರಲ್ಲಿ ಎರಡೂ ಸೇರಿ ಮಹಾರಾಜ. ಒಳ್ಳೆಯ ಜೋಕು. ಆದರೆ ಲೂಯಿಗೆ ಇದು ಗೊತ್ತಿರಲಿಲ್ಲ ಅಂದುಕೊಂಡರೆ ನಾವು ಪೆದ್ದರು. ಗೊತ್ತಿದ್ದೇ ಆತ ಕೆತ್ತನೆಗಾರರನ್ನು ಸಾಕಿದ. 1660ರಲ್ಲಿ ಮದುವೆಗೆಂದು ಸ್ಪೇನ್ ಗಡಿಯ ಸೇಂಟ್-ಜಾನ್-ಡಿ-ಲೂಜ್ ಊರಲ್ಲಿದ್ದಾಗ, ಕೆತ್ತನೆ ಒಂದು ಸ್ವತಂತ್ರ ಕಲೆ, ಅದನ್ನು ಕಸುಬಿನ ಸಂಘಗಳ ಕಟ್ಟಿಗೆ ಹಾಕುವಂತಿಲ್ಲ ಎಂದು ಶಾಸನವನ್ನೇ ಹೊರಡಿಸಿದ. ಅವನ ಮಂತ್ರಿ ಕೋಲ್ಬರ್ಟ್ ಅರಮನೆ, ಯುದ್ಧ, ಉತ್ಸವ, ಉದ್ಯಾನ ಎಲ್ಲವನ್ನೂ ಕೆತ್ತಿಸಿ ದೊಡ್ಡ ಸಂಪುಟಗಳನ್ನು ಮಾಡಿಸಿದ. ಅವು ರಾಯಭಾರಿಗಳ ಕೈಗೆ, ಪರದೇಶದ ದರ್ಬಾರುಗಳಿಗೆ ಕಾಣಿಕೆಯಾಗಿ ಹೋದವು. ವರ್ಸಾಯ್ ಅರಮನೆಯನ್ನು ಹೊತ್ತು ತಿರುಗಲಾಗುವುದಿಲ್ಲ. ಹಾಳೆಯನ್ನು ತಿರುಗಿಸಬಹುದು.

ಹಾಗಂತ ಎಲ್ಲರಿಗೂ ಸಾಮಾನು ಬೇಕಾಗಲಿಲ್ಲ. ಅದೇ ಲೂಯಿಯನ್ನು ರಾಬರ್ಟ್ ನಾಂತೊಯ್ ಮತ್ತೆ ಮತ್ತೆ ಎದುರಿಗೆ ಕೂರಿಸಿಕೊಂಡು ಕೆತ್ತಿದ. ಅವುಗಳಲ್ಲಿ ಇರುವುದು ತಲೆ, ಭುಜ, ಒಂದಿಷ್ಟು ಕವಚ, ಕುತ್ತಿಗೆಗೆ ಲೇಸು, ಸುತ್ತ ಮೊಟ್ಟೆಯಾಕಾರದ ಚೌಕಟ್ಟು. ದಂಡ ಇಲ್ಲ, ಕಂಬ ಇಲ್ಲ. ಸ್ಕ್ರೀನಿನ ಮೇಲೆ ದೊಡ್ಡದು ಮಾಡುತ್ತಾ ಹೋದರೆ ಕೆನ್ನೆ ಸಣ್ಣ ಸಣ್ಣ ಚುಕ್ಕಿ, ಗೀರುಗಳಾಗಿ ಒಡೆಯುತ್ತದೆ. ಹಿಂದಕ್ಕೆ ಬಂದರೆ ಮತ್ತೆ ಅದೇ ಗಂಭೀರ ಕಣ್ಣು. ಇನ್ನೂ ಹಿಂದೆ ಹೋದರೆ ಜರ್ಮನ್ ಕಲಾವಿದ ಡ್ಯೂರರ್. 1518ರ ಜೂನ್‌ನಲ್ಲಿ ಆಗ್ಸ್‌ಬರ್ಗ್‌ನಲ್ಲಿ ಮ್ಯಾಕ್ಸಿಮಿಲಿಯನ್ ಚಕ್ರವರ್ತಿಯನ್ನು ಎದುರಿಗೆ ಕೂರಿಸಿ ರೇಖಾಚಿತ್ರ ಬರೆದುಕೊಂಡ. ಮರುವರ್ಷ ಜನವರಿಯಲ್ಲಿ ಚಕ್ರವರ್ತಿ ತೀರಿಕೊಂಡ. ಆಮೇಲೆ ಅದು ಮರದ ಅಚ್ಚಿನ ಚಿತ್ರವಾಗಿ ಬಂತು. ತಲೆಯ ಮೇಲೆ ಕಿರೀಟ ಇಲ್ಲ, ಅಗಲ ಟೋಪಿ, ಅದಕ್ಕೊಂದು ಪದಕ. ಸೊಕ್ಕಿದ ಮೂಗು, ದಣಿದ ಕಣ್ಣು. ಇದೇ ಮ್ಯಾಕ್ಸಿಮಿಲಿಯನ್ ಬದುಕಿದ್ದಾಗ 190ಕ್ಕೂ ಹೆಚ್ಚು ಮರದ ಅಚ್ಚುಗಳನ್ನು ಜೋಡಿಸಿ ಮೂರು ಮೀಟರಿಗೂ ಎತ್ತರದ ಕಾಗದದ ವಿಜಯದ ಕಮಾನು ಮಾಡಿಸಿದವನು. ವಂಶಾವಳಿ, ಯುದ್ಧ, ಲಾಂಛನ ಎಲ್ಲ ಅದರಲ್ಲಿ ತುಂಬಿದೆ. ನೋಡಿ ಮುಗಿಸುವುದೇ ಕಷ್ಟ. ನನ್ನನ್ನು ಕೇಳಿದರೆ ಟೋಪಿಯ ಚಿತ್ರವೇ ಚಕ್ರವರ್ತಿಯದ್ದು, ಕಮಾನು ಅವನ ಗುಮಾಸ್ತರದ್ದು.

ನೆಲದ ಮೇಲಿನ ಕಿರೀಟ

ಸಾಮಾನನ್ನು ಕೆಳಗಿಡುವುದೂ ಒಂದು ತಂತ್ರ. ಒಂದನೇ ಚಾರ್ಲ್ಸನ ತಲೆ ಹೋದ ಹೊತ್ತಿಗೇ ಅವನ ಹೆಸರಿನಲ್ಲಿ ಒಂದು ಪ್ರಾರ್ಥನೆ, ಆತ್ಮಕಥನದ ಪುಸ್ತಕ ಬೀದಿಗೆ ಬಂತು. ಅದರ ಮುಖಪುಟಕ್ಕೆ ವಿಲಿಯಂ ಮಾರ್ಷಲ್ ಮಾಡಿದ ಕೆತ್ತನೆ ಇತ್ತು. ರಾಜ ಮಂಡಿಯೂರಿದ್ದಾನೆ. ಚಿನ್ನದ ಕಿರೀಟ ನೆಲದ ಮೇಲೆ ಕಾಲ ಬಳಿ ಬಿದ್ದಿದೆ. ಕೈಯಲ್ಲಿ ಮುಳ್ಳಿನ ಕಿರೀಟ. ಕಣ್ಣು ನೆಟ್ಟಿರುವುದು ಮೇಲೆ ಬೆಳಕಿನಲ್ಲಿ ತೇಲುವ ಮೂರನೇ ಕಿರೀಟದ ಮೇಲೆ. ಹೊರಗೆ ಬಿರುಗಾಳಿಯ ಸಮುದ್ರದಲ್ಲಿ ಅಲ್ಲಾಡದ ಬಂಡೆ. ಭಾರ ಕಟ್ಟಿದರೂ ನೆಟ್ಟಗೆ ಬೆಳೆಯುವ ತಾಳೆ ಮರ. ಪುಸ್ತಕ ಒಂದೇ ವರ್ಷದಲ್ಲಿ ಮತ್ತೆ ಮತ್ತೆ ಅಚ್ಚಾಯಿತು, ಪ್ಲೇಟನ್ನೂ ಮತ್ತೆ ಮತ್ತೆ ಕೆತ್ತಬೇಕಾಯಿತು. ಗೆದ್ದ ಕಡೆಯವರಿಗೆ ಇದು ಎಷ್ಟು ಚುಚ್ಚಿತೆಂದರೆ, ಕವಿ ಮಿಲ್ಟನ್ ಅದೇ ವರ್ಷ ಈ ಪುಸ್ತಕವನ್ನು ಒಡೆಯಲು ಇನ್ನೊಂದು ಪುಸ್ತಕವನ್ನೇ ಬರೆದ. ಬದುಕಿದ್ದಾಗ ಕುದುರೆ, ಕವಚ, ಕಮಾನು ಎಲ್ಲ ಇದ್ದೂ ಚಾರ್ಲ್ಸ್ ಜನರನ್ನು ಒಲಿಸಿಕೊಳ್ಳಲಿಲ್ಲ. ಎಲ್ಲವನ್ನೂ ಬಿಟ್ಟು ಮಂಡಿಯೂರಿದ ಈ ಒಂದು ಹಾಳೆ ಮಾಡಿದ ಕೆಲಸ ವ್ಯಾನ್ ಡೈಕ್ ಮಾಡಿದ ಕೆಲಸಕ್ಕಿಂತ ಜಾಸ್ತಿ.

ಎರಡು ವರ್ಷದ ನಂತರ, 1651ರಲ್ಲಿ, ಇಂಗ್ಲಿಷ್ ತತ್ವಜ್ಞಾನಿ ಹಾಬ್ಸನ 'ಲೆವಿಯಾಥನ್' ಪುಸ್ತಕದ ಮುಖಪುಟ ಬಂತು. ಬೆಟ್ಟದಾಚೆಯಿಂದ ಎದ್ದ ದೈತ್ಯ ದೊರೆ. ಒಂದು ಕೈಯಲ್ಲಿ ಕತ್ತಿ, ಒಂದು ಕೈಯಲ್ಲಿ ಬಿಷಪ್ಪನ ಕೋಲು, ತಲೆಗೆ ಕಿರೀಟ. ಮೈಗೆ ಮಾತ್ರ ಬಟ್ಟೆಯಿಲ್ಲ. ದೂರದಿಂದ ಕವಚದ ಹಾಗೆ ಕಾಣುವುದು ಹತ್ತಿರ ಹೋದರೆ ನೂರಾರು ಜನ. ಎಲ್ಲರೂ ನಮಗೆ ಬೆನ್ನು ಹಾಕಿ ಅವನ ಮುಖದ ಕಡೆ ನೋಡುತ್ತಿದ್ದಾರೆ. ಆ ಮುಖ ಯಾರದ್ದು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಕ್ರಾಮ್‌ವೆಲ್ ಎಂದವರಿದ್ದಾರೆ, ಎರಡನೇ ಚಾರ್ಲ್ಸ್ ಎಂದವರೂ ಇದ್ದಾರೆ. ಲೊಂಬಾರ್ಟನ ಖಾಲಿ ಜಾಗ ಇಲ್ಲೂ ಇದೆ, ಅದಕ್ಕೆ ಕಣ್ಣು ಮೂಗು ಬರೆದಿದ್ದಾರೆ ಅಷ್ಟೆ.

ಐವತ್ತು ಲಿವ್ರ್‌ನ ನೋಟು

ಇಷ್ಟು ಹೊತ್ತು ಮುಖಕ್ಕೆ ಬೆಲೆಯಿಲ್ಲ, ಸಾಮಾನೇ ಎಲ್ಲ ಎಂದು ವಾದಿಸಿದ ಮೇಲೆ, ನನ್ನ ವಾದಕ್ಕೆ ಅಡ್ಡ ನಿಲ್ಲುವ ಒಂದು ಕಥೆಯನ್ನೂ ಹೇಳಬೇಕು. 1791ರ ಜೂನ್. ಫ್ರಾನ್ಸಿನಲ್ಲಿ ಕ್ರಾಂತಿ ನಡೆದಿದೆ. ಹದಿನಾರನೇ ಲೂಯಿ ಪ್ಯಾರಿಸ್ಸಿನಿಂದ ಗಡಿಯ ಕಡೆಗೆ ಕದ್ದು ಓಡುತ್ತಿದ್ದಾನೆ. ಜತೆಗೆ ರಾಣಿ ಮೇರಿ ಆಂಟೊಯ್ನೆಟ್, ಮಕ್ಕಳು. ಪಾಸ್‌ಪೋರ್ಟು ಕೋರ್ಫ್ ಎಂಬ ಬ್ಯಾರನೆಸ್ ಹೆಸರಿನಲ್ಲಿ. ಮಕ್ಕಳ ದಾದಿ ಬ್ಯಾರನೆಸ್ ಆಗಿದ್ದಾಳೆ, ರಾಜ ಅವಳ ಆಳು. ಸಾದಾ ಕೋಟು, ದುಂಡು ಟೋಪಿ. ಕಿರೀಟ, ದಂಡ, ತುಪ್ಪಳ ಒಂದೂ ಇಲ್ಲ. ನನ್ನ ಲೆಕ್ಕದ ಪ್ರಕಾರ ಅವನು ಈಗ ಯಾರೂ ಅಲ್ಲ. ಯಾರೋ ಗಟ್ಟಿಮುಟ್ಟಾದ ಸೇವಕ.

ಸೇಂಟ್-ಮೆನೆಹೂಲ್ಡ್ ಎಂಬ ಊರಲ್ಲಿ ಕುದುರೆ ಬದಲಾಯಿಸುವ ಕಟ್ಟೆ. ಅದನ್ನು ನೋಡಿಕೊಳ್ಳುತ್ತಿದ್ದವನು ಜಾನ್-ಬ್ಯಾಪ್ಟಿಸ್ಟ್ ಡ್ರೂಎ. ರಾಣಿಯ ಮುಖ ಎಲ್ಲೋ ನೋಡಿದ ಹಾಗಿದೆ ಅನಿಸಿತಂತೆ ಅವನಿಗೆ. ಆಮೇಲೆ ಗಾಡಿಯಲ್ಲಿ ಕೂತ ಗಂಡಸಿನ ಮುಖ. ಅದು ಐವತ್ತು ಲಿವ್ರ್ (ಆಗಿನ ಫ್ರೆಂಚ್ ಹಣ) ಬೆಲೆಯ ಅಸಿನ್ಯಾ ಎಂಬ ಕಾಗದದ ನೋಟಿನ ಮೇಲಿದ್ದ ಕೆತ್ತನೆಯ ಮುಖವನ್ನೇ ಹೋಲುತ್ತಿತ್ತು. ಪ್ಯಾರಿಸ್ಸಿನ ಸಭೆಯ ಎದುರು ಡ್ರೂಎ ತಾನೇ ಹೀಗೆ ಹೇಳಿಕೆ ಕೊಟ್ಟ. ಗಾಡಿ ಹೊರಟುಹೋಗಿತ್ತು. ಅವನು ಒಳದಾರಿಯಲ್ಲಿ ಕುದುರೆ ಓಡಿಸಿ ವರೆನ್ ಊರಲ್ಲಿ ಅಡ್ಡ ಹಾಕಿಸಿದ. ರಾಜನನ್ನು ಕರೆದುಕೊಂಡು ಹೋಗಿ ಕೂರಿಸಿದ್ದು ಅಲ್ಲಿನ ಒಬ್ಬ ಅಂಗಡಿಯವನ ಮನೆಯ ಮಹಡಿಯಲ್ಲಿ. ಹಿಂದೆ ವರ್ಸಾಯ್‌ನಲ್ಲಿ ರಾಜನನ್ನು ಕಂಡಿದ್ದ ಒಬ್ಬ ನ್ಯಾಯಾಧೀಶರನ್ನು ಗುರುತು ಹಿಡಿಯಲು ಕರೆಸಿದರು. ಅವರು ನೋಡಿದ ತಕ್ಷಣ ಮಂಡಿಯೂರಿಬಿಟ್ಟರು. ಆಳಿನ ಕೋಟು ಹಾಕಿದ ಮನುಷ್ಯನ ಮುಂದೆ!

ಆ ನೋಟು ಎಷ್ಟು ಸಣ್ಣದು ಯೋಚಿಸಿ. ಅದರಲ್ಲಿ ನಿಲುವಂಗಿಗೆ ಜಾಗವಿಲ್ಲ, ಕುದುರೆಗೂ ಇಲ್ಲ. ಪಕ್ಕದಿಂದ ಕಾಣುವ ಒಂದು ತಲೆ, ದೊಡ್ಡ ಮೂಗು, ಎರಡು ಮಡಿಕೆಯ ಗಲ್ಲ. ದೊಡ್ಡ ಹಾಳೆಗಳಲ್ಲಿ ಮುಖ ಸೋಲುತ್ತದೆ. ಬೆರಳಗಲದ ಜಾಗದಲ್ಲಿ ಮುಖ ಒಂದೇ ಉಳಿಯುತ್ತದೆ. ಮೇಲಾಗಿ ನೋಟು ಗೋಡೆಯ ಮೇಲೆ ತೂಗುವ ವಸ್ತುವಲ್ಲ. ಕೈಯಿಂದ ಕೈಗೆ ಹೋಗುತ್ತದೆ, ದಿನಾ ಕಣ್ಣಿಗೆ ಬೀಳುತ್ತದೆ. ತನ್ನನ್ನು ಎಂದೂ ನೋಡದವರಿಗೂ ತನ್ನ ಪರಿಚಯ ಇರಲಿ ಎಂದೇ ದೊರೆಗಳು ಕೆತ್ತಿಸಿಕೊಂಡರಲ್ಲವೇ? ಅದು ಪೂರ್ತಿ ಯಶಸ್ವಿಯಾಯಿತು, ಗುರುತು ಸಿಗಬಾರದ ರಾತ್ರಿಯಲ್ಲಿ.

ಮರುವರ್ಷ ಜೂನ್ 20ರಂದು ಜನ ಅರಮನೆಗೆ ನುಗ್ಗಿ ಲೂಯಿಯ ತಲೆಗೆ ಕ್ರಾಂತಿಯ ಕೆಂಪು ಟೋಪಿ ಹಾಕಿಸಿದರು. ಪ್ರಿಂಟ್ ವ್ಯಾಪಾರಿಗಳು ಹೊಸ ಚಿತ್ರ ಕೆತ್ತುವ ಗೋಜಿಗೆ ಹೋಗಲಿಲ್ಲ. ಹಳೆಯ ಭಾವಚಿತ್ರಕ್ಕೇ ಟೋಪಿ ಸೇರಿಸಿ ಮಾರಿದರು. ಲೊಂಬಾರ್ಟ್ ಮೈ ಉಳಿಸಿ ತಲೆ ಬದಲಿಸಿದ್ದ. ಇವರು ತಲೆ ಉಳಿಸಿ ಮೇಲಿನದನ್ನು ಬದಲಿಸಿದರು.

ನಾಣ್ಯದ ಕೆತ್ತನೆಯವರದ್ದು ಮತ್ತೊಂದು ದಾರಿ. 1791ರಲ್ಲಿ ನಾಣ್ಯಗಳ ಮುಖ್ಯ ಕೆತ್ತನೆಗಾರನಾಗಿ ಬಂದವನು ಅಗಸ್ಟಿನ್ ಡುಪ್ರೆ. ಸಂವಿಧಾನ ಒಪ್ಪಿದ ರಾಜನಿಗೆ ಅವನು ಹೊಸ ಬೆಳ್ಳಿ ನಾಣ್ಯ ಕೆತ್ತಿದ. ಒಂದು ಕಡೆ 'ಫ್ರೆಂಚರ ರಾಜ' ಲೂಯಿಯ ಮುಖ. ಇನ್ನೊಂದು ಕಡೆ ರೆಕ್ಕೆಯ ದೇವದೂತ ಒಂದು ಫಲಕದ ಮೇಲೆ ಸಂವಿಧಾನ ಎಂದು ಬರೆಯುತ್ತಿದ್ದಾನೆ. ಅವನ ಪಕ್ಕದಲ್ಲಿ ಹುಂಜ. 1793ರಲ್ಲಿ ರಾಜನ ತಲೆ ಹೋಯಿತು. ಅದೇ ವರ್ಷ ಬಂದ ಗಣರಾಜ್ಯದ ಆರು ಲಿವ್ರ್ ನಾಣ್ಯದಲ್ಲಿ ಮುಖದ ಜಾಗಕ್ಕೆ ಎಲೆಗಳ ಮಾಲೆ ಬಂತು, ನಡುವೆ ಬೆಲೆ. ದೇವದೂತ, ಫಲಕ, ಹುಂಜ ಎಲ್ಲ ಇದ್ದಲ್ಲೇ ಇದ್ದವು. ಡುಪ್ರೆಯ ಅದೇ ದೇವದೂತ 1848ರ ಗಣರಾಜ್ಯದ ಇಪ್ಪತ್ತು ಫ್ರಾಂಕಿನ ಚಿನ್ನದ ನಾಣ್ಯಕ್ಕೆ ಮತ್ತೆ ಬಂದ. ಸ್ವಲ್ಪ ಕಾಲದಲ್ಲೇ ಮರೆಯಾದ, ಮುಂದೆ ಮೂರನೇ ನೆಪೋಲಿಯನ್ ಚಕ್ರವರ್ತಿಯಾಗಿ ತನ್ನ ಮುಖ ಹಾಕಿಸಿಕೊಂಡ. ಆ ಚಕ್ರವರ್ತಿ ಯುದ್ಧದಲ್ಲಿ ಸೆರೆಸಿಕ್ಕ ಮೇಲೆ 1871ರಲ್ಲಿ ಅದೇ ಜಾಗಕ್ಕೆ ವಾಪಸ್ ಬಂದು, ಆ ಶತಮಾನ ಮುಗಿಯುವ ಹತ್ತಿರದವರೆಗೂ ಬರೆಯುತ್ತಲೇ ನಿಂತಿದ್ದ.